ಮಂಗಳೂರಿನಲ್ಲಿ ಇಟಲಿಯ ಚಿತ್ರಶಾಲೆ

ಬೆಂಗಳೂರಿನ ಉತ್ತರ ಭಾಗದಲ್ಲಿ, ಎಂದರೆ ಯಲಹಂಕ, ಹೆಬ್ಬಾಳ, ಯಶವಂತಪುರಗಳ ಸುತ್ತುಮುತ್ತಲಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥ ಗೃಹಸ್ಥರಿಗೆ ಚಿತ್ರಕಲೆಯನ್ನು ನೋಡುವ ಅನುಕೂಲವೇ ಇಲ್ಲವೆಂದು ಹೇಳುವಂತಿಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ ೨೦೦೯ನೆಯ ಇಸವಿಯಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯವು ನಮಗೆ ಬಹಳ ದೂರವಲ್ಲ. ರವಿವರ್ಮನಿಂದ ಮೊದಲುಗೊಂಡು ಈಚಿನವರೆಗಿನ ಭಾರತೀಯ ಚಿತ್ರಗಾರರ ಕೈಕೆಲಸವನ್ನು ಅಲ್ಲಿ ಸಾವಕಾಶವಾಗಿ ನೋಡಬಹುದು. ಆದರೆ ಇಟಲಿ ದೇಶದ ಚಿತ್ರಗಳನ್ನು ಕಣ್ಣಾರೆ ನೋಡಬೇಕೆಂದು ಮನೆಯ ಮಕ್ಕಳು ಕೇಳಿದರೆ, ನಾವು ಪುಸ್ತಕದೊಳಗಿನ ಅಚ್ಚಿನ ಚಿತ್ರವನ್ನು ತೋರಿಸಿ ಸುಮ್ಮನಾಗುತ್ತೇವೆ. ಇಟಲಿಯವರು ನಮ್ಮ ನೆರೆಗೆ ಬಂದದ್ದೇನೋ ಉಂಟು. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಆ ದೇಶದ ಸೈನಿಕರನ್ನು ಬೆಂಗಳೂರಿನ ಶಿಬಿರಗಳಲ್ಲಿ, ನಮ್ಮ ಜಾಲಹಳ್ಳಿಯ ಕಡೆಯಲ್ಲಿಯೂ, ಇರಿಸಿದ್ದರು. ಅವರಿಗೆ ಸುಮಾರು ನಾಲ್ವತ್ತು ವರ್ಷ ಮೊದಲು, ಸೆರೆಯಾಳಾಗಿ ಅಲ್ಲದೆ ತಾನೇ ಕೈಕೊಂಡ ವ್ರತದಿಂದ ಬಂದ ಒಬ್ಬ ಇಟಲಿಯವನು ನಮ್ಮ ನಾಡಿನಲ್ಲಿ ಬಿಟ್ಟುಹೋದ ಚಿತ್ರಗಳು ಇಂದಿಗೂ ಇವೆ. ಅವು ಇರುವುದು ಮಂಗಳೂರಿನಲ್ಲಿ, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ. ಅದಕ್ಕೆ ಚಿತ್ರಶಾಲೆಯೆಂಬ ಹೆಸರಿಲ್ಲ. ಆದರೂ ಇಟಲಿಯ ಚಿತ್ರಗಾರನೊಬ್ಬನು ಒಂದು ಕಟ್ಟಡವನ್ನು ಗೋಡೆಯಿಂದ ಮಾಳಿಗೆಯವರೆಗೆ ತನ್ನ ಕುಂಚದಿಂದಲೇ ತುಂಬಿರುವ ಇಂಥ ಸ್ಥಳ ಕರ್ನಾಟಕದಲ್ಲಿ ಬೇರೊಂದನ್ನು ನಾನು ಕಂಡಿಲ್ಲ.

ಪಾಠಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಕೈಗೊಂಡ ಪ್ರಯಾಣಗಳಲ್ಲಿ ಇದೂ ಒಂದು. ಜೊತೆಗೆ ನಮ್ಮ ಮನೆಯವರೂ ಹತ್ತು ವರ್ಷದ ಮೊಮ್ಮಗನೂ ಇದ್ದರು. ಯಶವಂತಪುರದಲ್ಲಿ ಬೆಳಿಗ್ಗೆ ಹತ್ತಿದ ಹಗಲುಗಾಡಿಯು ಕುಣಿಗಲು, ಶ್ರವಣಬೆಳಗೊಳ, ಹಾಸನಗಳ ಮಾರ್ಗವಾಗಿ ಸಕಲೇಶಪುರಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಸುಬ್ರಹ್ಮಣ್ಯದವರೆಗಿನ ಸುಮಾರು ೫೫ ಕಿಲೋಮೀಟರ್ ಘಟ್ಟದ ದಾರಿಯಲ್ಲಿ ೫೭ ಸುರಂಗಗಳೂ ನೂರಕ್ಕೂ ಮಿಕ್ಕ ಸೇತುವೆಗಳೂ ಇವೆ. ಮೊಮ್ಮಗನು ಸುರಂಗಗಳನ್ನು ಎಣಿಸಲು ತೊಡಗಿ, ನಡುವೆ ನಿದ್ರೆ ಬಂದು ಲೆಕ್ಕ ತಪ್ಪಿದನು. ಘಟ್ಟವನ್ನಿಳಿದು ಬಯಲಿಗೆ ಬಂದಂತೆ ಗಾಳಿಯಲ್ಲಿ ತೇವ ಹೆಚ್ಚುತ್ತದೆ. ಮನೆಗಳು ಕೆಂಪು ಹೆಂಚಿನ ಇಳಿಜಾರು ಮಾಡನ್ನು ಹೊದ್ದು ತೆಂಗಿನ ತೋಟಗಳ ನಡುವೆ ಕುಳಿತಿರುತ್ತವೆ. ಮುರಕಲ್ಲಿನ ಗೋಡೆಗಳ ಮೇಲೆ ಹಾವಸೆ ಹಸುರಾಗಿ ಹಬ್ಬಿರುತ್ತದೆ. ಈ ತೇವವನ್ನು ವಾಚಕರು ಮರೆಯಬಾರದೆಂದು ಬೇಡುತ್ತೇನೆ. ಮುಂದೆ ಹೇಳಬೇಕಾದ ಮಾತಿಗೆ ಅದೇ ಮುಖ್ಯವಾದುದು.

ಮಂಗಳೂರಿನ ಬಾವುಟಗುಡ್ಡೆಯ ಮೇಲೆ ಕಾಲೇಜು ನಿಂತಿದೆ. ೧೮೭೮ರ ಕೊನೆಯಲ್ಲಿ ಇಟಲಿಯಿಂದ ಯೇಸುಸಭೆಯ ಪಾದ್ರಿಗಳು ಮಂಗಳೂರಿಗೆ ಬಂದರು. ೧೮೮೦ರಲ್ಲಿ ಈ ವಿದ್ಯಾಶಾಲೆಯನ್ನು ಸ್ಥಾಪಿಸಿದರು. ೨೦೨೪ರಲ್ಲಿ ಇದಕ್ಕೆ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಆ ಪಾದ್ರಿಗಳು ಬರಿಯ ಮತಪ್ರಚಾರದಲ್ಲಿ ಕಾಲ ಕಳೆದವರಲ್ಲ. ಅವರಲ್ಲಿ ಆಂಜೆಲೊ ಮಾಫೆಯಿ ಎಂಬವರು ಕೊಂಕಣಿ ಭಾಷೆಯ ವ್ಯಾಕರಣವನ್ನು ೧೮೮೨ರಲ್ಲಿಯೂ ನಿಘಂಟನ್ನು ೧೮೮೩ರಲ್ಲಿಯೂ ಪ್ರಕಟಿಸಿದರು. ರೋಮಿನ ಮತದ ಪಾದ್ರಿಯ ಆ ಗ್ರಂಥಗಳು ಅಚ್ಚಾದದ್ದು ಪ್ರಾಟೆಸ್ಟಂಟ್ ಮತದ ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿ ಎಂಬುದು ವ್ಯಾಕರಣದಲ್ಲಿ ಆಸೆಯುಳ್ಳ ನನ್ನಂಥವನಿಗೆ ಬಹು ಹಿತವಾದ ಸಂಗತಿ.

ಪ್ರಾರ್ಥನಾಮಂದಿರವನ್ನು ಕಟ್ಟಿದ್ದು ಅದೇ ದಶಕದಲ್ಲಿ. ಹೊರಗಿನಿಂದ ನೋಡಿದರೆ ಸಾಧಾರಣವಾದ ಬಿಳಿಯ ಕಟ್ಟಡ. ಒಳಗೆ ಕಾಲಿಟ್ಟವನು ಮಾತ್ರ ಹೊಸ್ತಿಲಲ್ಲಿಯೇ ನಿಂತುಬಿಡುತ್ತಾನೆ. ಪಕ್ಕದ ಗೋಡೆ, ಎದುರಿನ ಗೋಡೆ, ಕಮಾನುಗಳ ಸಂದು, ತಲೆಯ ಮೇಲಿನ ಇಳಿಜಾರು ಮಾಳಿಗೆ, ಎಲ್ಲಿ ಕಣ್ಣು ಹೊರಳಿಸಿದರೂ ಬಣ್ಣವೇ. ಗೋಡೆಯ ಚಿತ್ರಗಳು ಹಸಿಗಾರೆಯ ಮೇಲೆ ಬರೆದ ಭಿತ್ತಿಚಿತ್ರಗಳು. ಮಾಳಿಗೆಯ ದೊಡ್ಡ ಚಿತ್ರಗಳು ಕ್ಯಾನ್ವಾಸಿನ ಮೇಲೆ ತೈಲವರ್ಣದಿಂದ ಬರೆದವು.

ಇವನ್ನು ಬರೆದವನ ಹೆಸರು ಆಂತೋನಿಯೊ ಮೊಸ್ಕೆನಿ. ಉತ್ತರ ಇಟಲಿಯ ಬೆರ್ಗಾಮೊ ಪಟ್ಟಣದ ಹತ್ತಿರ ಸ್ತೆತ್ಸಾನೊ ಎಂಬ ಊರಿನಲ್ಲಿ ೧೮೫೪ರಲ್ಲಿ ಹುಟ್ಟಿದವನು. ಬೆರ್ಗಾಮೊವಿನ ಕರ್‍ರಾರ ಕಲಾಶಾಲೆಯಲ್ಲಿ ಅಭ್ಯಾಸಮಾಡಿ, ರೋಮಿಗೆ ಹೋಗಿ ಹಳೆಯ ಮಹಾಚಿತ್ರಗಾರರ ಕೃತಿಗಳನ್ನು ನೋಡಿ ಕೈ ಪಳಗಿಸಿಕೊಂಡನು. ಮೂವತ್ತೈದನೆಯ ವಯಸ್ಸಿನಲ್ಲಿ, ೧೮೮೯ರಲ್ಲಿ, ಯೇಸುಸಭೆಯನ್ನು ಸೇರಿದನು; ಪಾದ್ರಿಯಾಗಿ ಅಲ್ಲ, ಕೈಕೆಲಸದಿಂದ ಸಭೆಯ ಸೇವೆಮಾಡುವ ಸಹೋದರನಾಗಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಭೆಯು ಅವನನ್ನು ಮಂಗಳೂರಿಗೆ ಕಳುಹಿಸಿತು. ಎರಡು ಎರಡೂವರೆ ವರ್ಷಗಳಲ್ಲಿ ಈ ಮಂದಿರದ ಕೆಲಸವನ್ನು ಅವನು ಮುಗಿಸಿದನು. ಆಮೇಲೆ ಮುಂಬಯಿ, ಕೊಚ್ಚಿಗಳ ದೊಡ್ಡ ಇಗರ್ಜಿಗಳಲ್ಲಿಯೂ ಚಿತ್ರಗಳನ್ನು ಬರೆದನು. ೧೯೦೫ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ ತೀರಿಕೊಂಡಾಗ ಅವನಿಗೆ ೫೧ ವರ್ಷ. ಹುಟ್ಟಿದ ದೇಶಕ್ಕೆ ಅವನು ಮರಳಲಿಲ್ಲ.

ಮೊಮ್ಮಗನು ತಲೆಯೆತ್ತಿ ನೋಡುತ್ತ, “ಇವರೆಲ್ಲ ಯಾರು ತಾತ? ನಮ್ಮ ದೇವರಲ್ಲವಲ್ಲ, ನಾವು ಯಾಕೆ ನೋಡಬೇಕು?” ಎಂದು ಕೇಳಿದನು. ಮಕ್ಕಳ ಪ್ರಶ್ನೆಯಲ್ಲಿ ಕಪಟವಿರುವುದಿಲ್ಲ. ಆದುದರಿಂದ ಅದನ್ನು ಗದರಿಸಿ ಅಡಗಿಸುವುದು ಸಲ್ಲದು. ಮಾಳಿಗೆಯ ನಡುವಿನ ಚಿತ್ರಗಳ ಕಥೆಯನ್ನೇ ಅವನಿಗೆ ಹೇಳಿದೆನು. ಇಟಲಿಯ ಗೊನ್ಸಾಗ ಎಂಬ ಅರಸುಮನೆತನದಲ್ಲಿ ೧೫೬೮ರಲ್ಲಿ ಅಲೋಶಿಯಸ್ ಎಂಬ ಹಿರಿಯ ಮಗ ಹುಟ್ಟಿದನು. ತಂದೆಯ ಸಂಸ್ಥಾನವೆಲ್ಲ ಅವನಿಗೆ ಬರತಕ್ಕದ್ದು. ಅವನು ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸವನ್ನು ಹಿಡಿದನು. ರೋಮಿನಲ್ಲಿ ಮಹಾಮಾರಿ ಹಬ್ಬಿದಾಗ ಬೀದಿಯಲ್ಲಿ ಬಿದ್ದವರನ್ನು ಎತ್ತಿಕೊಂಡು ಬಂದು ಶುಶ್ರೂಷೆ ಮಾಡಿದನು. ಆ ಸೇವೆಯಲ್ಲಿಯೇ ರೋಗ ಹತ್ತಿ ೧೫೯೧ರಲ್ಲಿ, ತನ್ನ ೨೩ನೆಯ ವಯಸ್ಸಿನಲ್ಲಿ, ಮಡಿದನು. ಕಥೆ ಮುಗಿದ ಮೇಲೆ ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಿನ್ನೆ ದಾರಿಯಲ್ಲಿ ಬಂತಲ್ಲ, ಬೆಳಗೊಳ, ಆ ಬಾಹುಬಲಿಯ ಹಾಗೆ” ಎಂದನು. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅವನು ತನ್ನ ಮನೆಯ ಬಾಗಿಲಿನಿಂದಲೇ ಒಳಗೆ ಬಂದಿದ್ದನು. ಪರರ ಪೂಜಾಸ್ಥಾನದಲ್ಲಿ ನಿಂತು ಗೌರವದಿಂದ ನೋಡುವುದಕ್ಕೆ ಇಷ್ಟೇ ಸಾಕು.

ಆ ಹೊತ್ತಿಗೆ ನಮ್ಮ ಮನೆಯವರು ಚಿತ್ರಗಳನ್ನು ಬಿಟ್ಟು ಗೋಡೆಯ ಬುಡವನ್ನು ಪರೀಕ್ಷಿಸುತ್ತಿದ್ದರು. ಏನೆಂದು ಕೇಳಿದ್ದಕ್ಕೆ, “ಈ ಊರಿನ ಮಳೆಗೆ ಗೋಡೆ ಹೇಗೆ ಒಣಗಿ ಉಳಿದಿದೆ ಅಂತ ನೋಡುತ್ತಿದ್ದೇನೆ. ನಮ್ಮ ಹಜಾರದ ಗೋಡೆಗೆ ಮೂರು ವರ್ಷಕ್ಕೊಮ್ಮೆ ಬಣ್ಣ ಬಳಿದರೂ ಪೊರೆ ಏಳುತ್ತದಲ್ಲ” ಎಂದರು. ಚಿತ್ರಶಾಸ್ತ್ರದ ಗ್ರಂಥಗಳನ್ನು ಓದಿದ ನಾನು ಕೇಳದಿದ್ದ ಪ್ರಶ್ನೆಯನ್ನು ಮನೆ ನಡೆಸುವ ಗೃಹಿಣಿ ಕೇಳಿದರು. ಇಂಥ ಚಿತ್ರಗಳ ಆಯುಷ್ಯವೆಲ್ಲ ಆ ಪ್ರಶ್ನೆಯಲ್ಲಿಯೇ ಅಡಗಿದೆ. ಅದನ್ನು ತಿಳಿಯಬೇಕಾದರೆ ಭಿತ್ತಿಚಿತ್ರವನ್ನು ಮಾಡುವ ಕ್ರಮವನ್ನು ಸ್ವಲ್ಪ ವಿವರಿಸಬೇಕು.

ಸುಣ್ಣದ ಕಲ್ಲನ್ನಾಗಲಿ ಚಿಪ್ಪನ್ನಾಗಲಿ ಸುಟ್ಟು ನೀರಿನಲ್ಲಿ ಅರಳಿಸಿದರೆ ತಿಳಿಯಾದ ಸುಣ್ಣ ದೊರೆಯುತ್ತದೆ. ತಾಂಬೂಲಕ್ಕೆ ಹಚ್ಚುವ ಸುಣ್ಣವೂ ಈ ಜಾತಿಯದೇ. ಇದಕ್ಕೆ ಮರಳು ಬೆರಸಿ ಗೋಡೆಗೆ ಗಾರೆ ಮಾಡುತ್ತಾರೆ. ಕಡೆಯ ಪದರವು ಇನ್ನೂ ಹಸಿಯಾಗಿರುವಾಗಲೇ ಚಿತ್ರಗಾರನು ನೀರಿನಲ್ಲಿ ಕಲಸಿದ ಬಣ್ಣವನ್ನು ಅದರ ಮೇಲೆ ಇಡಬೇಕು. ಇಲ್ಲಿ ಅಂಟು ಬೇಕಿಲ್ಲ. ಗಾರೆಯು ಒಣಗುವಾಗ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಪುನಃ ಕಲ್ಲಿನ ಗುಣವನ್ನು ಹೊಂದುತ್ತದೆ. ಆಗ ಬಣ್ಣದ ಕಣಗಳು ಆ ಕಲ್ಲಿನೊಳಗೆ ಸೆರೆಯಾಗುತ್ತವೆ. ಎಂದರೆ ಚಿತ್ರವು ಗೋಡೆಯ ಮೇಲಣ ಹೊದಿಕೆಯಲ್ಲ. ಅದು ಗೋಡೆಯ ಚರ್ಮವೇ ಆಗಿಬಿಡುತ್ತದೆ. ಆದುದರಿಂದ ಒಂದು ದಿನದಲ್ಲಿ ಬರೆದು ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಆ ದಿನ ಬೆಳಿಗ್ಗೆ ಗಾರೆ ಹಾಕುವುದು ಪದ್ಧತಿ. ಇಟಲಿಯವರು ಈ ಭಾಗಕ್ಕೆ ‘ಜೊರ್ನಾತ’ ಎನ್ನುತ್ತಾರೆ. ದಿನದ ಕೆಲಸವೆಂದು ಅರ್ಥ. ತಪ್ಪಿದರೆ ತಿದ್ದುವಂತಿಲ್ಲ, ಆ ಭಾಗವನ್ನು ಕೆತ್ತಿಹಾಕಿ ಮತ್ತೆ ಗಾರೆ ಮಾಡಬೇಕು. ಗಾರೆ ಒಣಗುವುದಕ್ಕೆ ಮುಂಚೆ ಕೈಯೂ ಮನಸ್ಸೂ ನಿಶ್ಚಯಕ್ಕೆ ಬಂದಿರಬೇಕು.

ಇದನ್ನು ಕೇಳಿದವರು ಗೋಡೆಗೆ ಚಿತ್ರ ಬರೆಯುವ ವಿದ್ಯೆ ಯೂರೋಪಿನದೇ ಎಂದು ಭಾವಿಸಬಾರದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರವಿದ್ಯೆಗೆ ಮೀಸಲಾದ ಭಾಗವಿದೆ. ಗೋಡೆಯನ್ನು ಸುಣ್ಣದಿಂದ ನುಣುಪುಮಾಡುವುದು, ಎಮ್ಮೆಯ ಚರ್ಮವನ್ನು ಬೇಯಿಸಿ ‘ವಜ್ರಲೇಪ’ವೆಂಬ ಅಂಟನ್ನು ಸಿದ್ಧಪಡಿಸುವುದು, ಅದನ್ನು ಬಿಳಿಯ ಮಣ್ಣಿನೊಡನೆ ಬೆರಸಿ ಲೇಪಿಸುವುದು, ಇವೆಲ್ಲವನ್ನೂ ಆ ಅರಸನು ವಿವರಿಸಿದ್ದಾನೆ. ನಮ್ಮದು ಒಣಗೋಡೆಯ ಮೇಲೆ ಅಂಟಿನಿಂದ ಬಣ್ಣವನ್ನು ನಿಲ್ಲಿಸುವ ಕ್ರಮ. ಇಟಲಿಯವರದು ಹಸಿಗೋಡೆಯೊಳಕ್ಕೆ ಬಣ್ಣವನ್ನು ಇಳಿಸುವ ಕ್ರಮ. ಕನ್ನಡಿಯಲ್ಲಿ ಕಾಣುವಂತೆ ಇದ್ದುದನ್ನು ಇದ್ದ ಹಾಗೆ ತೋರಿಸುವ ಚಿತ್ರಕ್ಕೆ ಸೋಮೇಶ್ವರನು ‘ವಿದ್ಧ’ವೆಂದು ಹೆಸರಿಟ್ಟಿದ್ದಾನೆ. ಮೊಸ್ಕೆನಿಯ ಮನುಷ್ಯಾಕೃತಿಗಳ ಕೈಬೆರಳು, ಬಟ್ಟೆಯ ಮಡಿಕೆ, ಮುಖದ ಮೇಲೆ ಒಂದು ಮಗ್ಗುಲಿನಿಂದ ಬೀಳುವ ಬೆಳಕು, ಇವನ್ನು ನೋಡಿದಾಗ ಆ ಪದದ ಅರ್ಥ ಪಾಠ ಹೇಳಿದ ದಿನಗಳಿಗಿಂತ ಹೆಚ್ಚಾಗಿ ನನಗೆ ತಿಳಿಯಿತು.

ಈಗ ತೇವದ ಮಾತಿಗೆ ಬರೋಣ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಚೀಚೆ. ಮಂಗಳೂರಿನಲ್ಲಿ ಮೂರೂವರೆ ಸಾವಿರಕ್ಕೂ ಮೇಲು. ಅದರಲ್ಲಿ ಬಹುಭಾಗ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಮಾಡಿನ ಒಂದು ಹೆಂಚು ಒಡೆದರೆ ಸಾಕು, ನೀರು ಗೋಡೆಯೊಳಗೆ ಇಳಿಯುತ್ತದೆ. ಇಳಿದ ನೀರು ಕಲ್ಲು ಗಾರೆಗಳಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಮೇಲ್ಮೈಗೆ ಬರುತ್ತದೆ. ಬೇಸಗೆಯಲ್ಲಿ ನೀರು ಆರಿ ಉಪ್ಪು ಹರಳುಗಟ್ಟುತ್ತದೆ. ಆ ಹರಳು ಬಣ್ಣದ ಪದರವನ್ನು ಒಳಗಿನಿಂದ ತಳ್ಳಿ ಹೊಟ್ಟಿನಂತೆ ಉದುರಿಸುತ್ತದೆ. ಚೌಕಟ್ಟಿನ ಚಿತ್ರವಾದರೆ ಸೋರುವ ಕೋಣೆಯಿಂದ ತೆಗೆದು ಬೇರೆಡೆ ಇಡಬಹುದು. ಗೋಡೆಯನ್ನು ಎಲ್ಲಿಗೆ ಒಯ್ಯುವುದು? ಹೀಗಾಗಿ ಈ ಚಿತ್ರಗಳು ಇಷ್ಟು ಮಳೆಗಾಲಗಳನ್ನು ಕಂಡೂ ಉಳಿದಿರುವುದಕ್ಕೆ ಮೊಸ್ಕೆನಿಯ ಪ್ರತಿಭೆಯೊಂದೇ ಕಾರಣವಲ್ಲ. ಹೆಸರಿಲ್ಲದ ಎಷ್ಟೋ ಮಂದಿ ಮಾಡಿನ ಮೇಲೆ ಹತ್ತಿ ಹೆಂಚು ಸರಿಪಡಿಸಿದ್ದೂ ಕಾರಣ. ಆದರೂ ಕಾಲವು ತನ್ನ ಕೆಲಸವನ್ನು ಬಿಡುವುದಿಲ್ಲ. ೧೯೯೦ರ ದಶಕದ ಮೊದಲ ವರ್ಷಗಳಲ್ಲಿ ‘ಇಂಟಾಕ್’ ಎಂಬ ಪರಂಪರಾ ಸಂರಕ್ಷಣ ಸಂಸ್ಥೆಯ ತಜ್ಞರು ಇಲ್ಲಿ ಜೀರ್ಣೋದ್ಧಾರದ ಕೆಲಸವನ್ನು ನಡೆಸಿದರು.

ಇದೇ ಕಾಲೇಜಿನಲ್ಲಿ ‘ಅಲೋಶಿಯಂ’ ಎಂಬ ವಸ್ತುಸಂಗ್ರಹಾಲಯವೂ ಉಂಟು. ೧೯೧೩ರಲ್ಲಿ ಕಿಯಾಪ್ಪಿ ಎಂಬ ಇಟಲಿಯ ಪಾದ್ರಿ ಆರಂಭಿಸಿದ್ದು. ಹಳೆಯ ನಾಣ್ಯಗಳು ಮುಂತಾದುವುಗಳ ಜೊತೆಗೆ ಮಂಗಳೂರಿಗೆ ಮೊಟ್ಟಮೊದಲು ಬಂದ ಮೋಟಾರು ಗಾಡಿಯೂ ಅಲ್ಲಿದೆ. ಹುಡುಗನಿಗೆ ಹೆಚ್ಚು ಮೆಚ್ಚಿಗೆಯಾದದ್ದು ಅದೇ ಎಂಬುದನ್ನು ಮರೆಮಾಚುವುದು ಸರಿಯಲ್ಲ. ಎರಡನ್ನೂ ಒಂದೇ ದಿನ ನೋಡಿದುದರಿಂದ ನನಗೆ ಒಂದು ಭೇದ ಸ್ಪಷ್ಟವಾಯಿತು. ಸಂಗ್ರಹಾಲಯದ ಗಾಡಿ ಓಡುವುದಿಲ್ಲ, ನಾಣ್ಯ ಚಲಾವಣೆಯಲ್ಲಿಲ್ಲ. ಅವು ತಮ್ಮ ಕೆಲಸವನ್ನು ಮುಗಿಸಿ ವಿಶ್ರಾಂತಿಗೆ ಬಂದಿವೆ. ಮಂದಿರದ ಚಿತ್ರಗಳು ಹಾಗಲ್ಲ. ಅವುಗಳ ಎದುರಿನಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಅವು ಕೆಲಸದಲ್ಲಿರುವ ಚಿತ್ರಗಳು.

“ಇದು ಹಳೆಯ ರೀತಿಯ ಕಲೆ, ಇಟಲಿಯ ಆಧುನಿಕ ಕಲೆ ಬೇರೆ” ಎಂದು ತಿಳಿದವರು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದುದೇ. ಮೊಸ್ಕೆನಿ ಪೂರ್ವಿಕರ ಹಾದಿಯನ್ನು ಬಿಟ್ಟವನಲ್ಲ. ಆದರೆ ಇಲ್ಲೊಂದು ಸೋಜಿಗವುಂಟು. ಬೆರ್ಗಾಮೊವಿನ ಅದೇ ಕರ್‍ರಾರ ಕಲಾಶಾಲೆಯಲ್ಲಿ ಅವನ ತರುವಾಯ ಅಭ್ಯಾಸಮಾಡಿದವರಲ್ಲಿ ಪೆಲ್ಲಿತ್ಸ ದ ವೊಲ್ಪೆದೊ ಎಂಬವನೊಬ್ಬನು. ೧೮೬೮ರಲ್ಲಿ ಹುಟ್ಟಿದ ಇವನು, ಮೊಸ್ಕೆನಿ ಮಂಗಳೂರಿನಲ್ಲಿ ಗೋಡೆಯ ಮುಂದೆ ನಿಂತಿದ್ದ ಆ ವರ್ಷಗಳಲ್ಲಿಯೇ, ತನ್ನ ಊರಿನಲ್ಲಿ ಕುಳಿತು ಸುಮಾರು ಐದೂವರೆ ಮೀಟರ್ ಅಗಲದ ಒಂದು ತೈಲಚಿತ್ರವನ್ನು ಬರೆದು ೧೯೦೧ರಲ್ಲಿ ಮುಗಿಸಿದನು. ‘ನಾಲ್ಕನೆಯ ವರ್ಗ’ವೆಂಬ ಆ ಚಿತ್ರದಲ್ಲಿ ಅರಸರಿಲ್ಲ, ಸಂತರಿಲ್ಲ, ಕೂಲಿಕಾರರ ಗುಂಪೊಂದು ನಮ್ಮ ಕಡೆಗೆ ನಡೆದು ಬರುತ್ತದೆ, ಮುಂದುಗಡೆ ಕೂಸನ್ನೆತ್ತಿಕೊಂಡ ಒಬ್ಬ ತಾಯಿ. ಬಣ್ಣಗಳನ್ನು ಬೆರಸದೆ ಸಣ್ಣಸಣ್ಣ ಚುಕ್ಕಿ ಗೀಟುಗಳಾಗಿ ಪಕ್ಕಪಕ್ಕದಲ್ಲಿಟ್ಟು ದೂರದಿಂದ ಒಂದಾಗಿ ಕಾಣುವಂತೆ ಮಾಡುವ ಹೊಸ ವಿಧಾನ ಅವನದು. ನಮ್ಮ ‘ವಿಷ್ಣುಧರ್ಮೋತ್ತರ’ದ ಚಿತ್ರಸೂತ್ರವು ಚುಕ್ಕಿಗಳಿಂದ ನೆರಳು ತೋರಿಸುವ ಕ್ರಮಕ್ಕೆ ‘ಬಿಂದುಜ ವರ್ತನೆ’ಯೆಂದು ಹೆಸರಿಟ್ಟಿರುವುದು ಇಲ್ಲಿ ನೆನಪಿಗೆ ಬರುತ್ತದೆ. ೧೯೨೦ರಲ್ಲಿ ಮಿಲಾನ್ ನಗರದವರು ವಂತಿಗೆ ಕೂಡಿಸಿ ಆ ಚಿತ್ರವನ್ನು ನಗರಕ್ಕಾಗಿ ಕೊಂಡುಕೊಂಡರು. ಇಪ್ಪತ್ತನೆಯ ಶತಮಾನದ ಇಟಲಿಯ ಕಲೆಗಾಗಿಯೇ ಮಿಲಾನ್ ನಗರವು ೨೦೧೦ರಲ್ಲಿ ದೊಡ್ಡ ಇಗರ್ಜಿಯ ಪಕ್ಕದಲ್ಲಿ ಒಂದು ಸಂಗ್ರಹಾಲಯವನ್ನು ತೆರೆದಾಗ, ಬಂದವರಿಗೆ ಮೊದಲು ಕಾಣುವಂತೆ ಇರಿಸಿದ್ದು ಈ ಚಿತ್ರವನ್ನೇ.

ಆ ಸಂಗ್ರಹಾಲಯದಲ್ಲಿ ಬೊಚ್ಚೋನಿ ಮುಂತಾದ ‘ಭವಿಷ್ಯವಾದಿ’ಗಳ ಕೃತಿಗಳೂ ಇವೆ. ೧೯೦೯ರಲ್ಲಿ ಈ ಪಂಥದ ಮುಖಂಡನಾದ ಮಾರಿನೆತ್ತಿಯು ಹೊರಡಿಸಿದ ಘೋಷಣೆಯಲ್ಲಿ ಸಂಗ್ರಹಾಲಯಗಳನ್ನೂ ಗ್ರಂಥಾಲಯಗಳನ್ನೂ ನಾಶಮಾಡಬೇಕೆಂದು ಹೇಳಿದ್ದನು. ಓಟದ ಮೋಟಾರೇ ಅವರಿಗೆ ಸೌಂದರ್ಯದ ಆದರ್ಶ. ಕಾಲದ ವಿನೋದವನ್ನು ನೋಡಿರಿ: ಸಂಗ್ರಹಾಲಯ ಬೇಡವೆಂದವರ ಕೃತಿಗಳನ್ನೇ ಈಗ ಸಂಗ್ರಹಾಲಯಗಳು ಕಣ್ಣಿನಲ್ಲಿ ಕಣ್ಣಿಟ್ಟು ಕಾಯುತ್ತಿವೆ. ೧೯೧೩ರಲ್ಲಿ ಬೊಚ್ಚೋನಿ ರೂಪಿಸಿದ ನಡೆಯುವ ಮನುಷ್ಯನ ಪ್ರತಿಮೆಯಂತೂ ಇಟಲಿಯ ಇಪ್ಪತ್ತು ಸೆಂಟಿನ ನಾಣ್ಯದ ಮೇಲೆಯೇ ಅಚ್ಚಾಗಿದೆ. ಹೊಸದು ಹಳೆಯದಾಗುವುದಕ್ಕೆ ಬಹುಕಾಲ ಬೇಕಿಲ್ಲ. ಹಳೆಯದಾದ ಮೇಲೆ ಹೊಸ ಪಂಥದ ಕೃತಿಗೂ ಹಳೆಯ ಪಂಥದ ಕೃತಿಗೂ ಬೇಕಾಗುವುದು ಒಂದೇ: ಕಾಯುವವರು.

ಇದನ್ನು ಬರೆಯುವುದಕ್ಕೆ ನನಗಿರುವ ಮುಖ್ಯ ಕಾರಣವೂ ಇದೇ. ಯಶವಂತಪುರದಿಂದ ತುಮಕೂರಿನ ಹೆದ್ದಾರಿಯನ್ನು ಹಿಡಿದು ಶಿರಾದ ಕಡೆಗೆ ಹೋದರೆ ದಾರಿಯಲ್ಲಿ ಸೀಬಿ ಎಂಬ ಊರು ಸಿಕ್ಕುತ್ತದೆ. ಅಲ್ಲಿಯ ನರಸಿಂಹ ದೇವಾಲಯದ ಮಾಳಿಗೆಗಳ ಮೇಲೆ ಹದಿನೆಂಟನೆಯ ಶತಮಾನದ ಕಡೆಯ ಭಾಗದ ವರ್ಣಚಿತ್ರಗಳಿವೆ. ಪುರಾಣದ ಕಥೆಗಳೂ ಆ ಕಾಲದ ದರ್ಬಾರಿನ ಮೆರವಣಿಗೆಯೂ ಅಲ್ಲಿ ಸಾಲುಸಾಲಾಗಿ ಬರೆಯಲ್ಪಟ್ಟಿವೆ. ನಮ್ಮ ಮನೆಗಳಿಂದ ಅದು ಮಂಗಳೂರಿಗಿಂತ ಎಷ್ಟೋ ಹತ್ತಿರ. ಆದರೂ ನೋಡಿದವರು ಎಷ್ಟು ಮಂದಿ? ಹೊಗೆಯಿಂದಲೂ ತೇವದಿಂದಲೂ ಆ ಬಣ್ಣಗಳು ಮಾಸುತ್ತಿವೆ. ಬೇರೆಷ್ಟೋ ಗುಡಿಗಳಲ್ಲಿ ಹಬ್ಬದ ಉತ್ಸಾಹದಲ್ಲಿ ಹಳೆಯ ಚಿತ್ರದ ಮೇಲೆಯೇ ಸುಣ್ಣವನ್ನೋ ಎಣ್ಣೆಬಣ್ಣವನ್ನೋ ಬಳಿದುಬಿಡುವುದು ನಮ್ಮಲ್ಲಿ ವಾಡಿಕೆ. ಭಕ್ತಿಯಲ್ಲಿ ಕೊರತೆಯಿದೆಯೆಂದಲ್ಲ, ಗೋಡೆಯೂ ಒಂದು ಗ್ರಂಥವೆಂಬ ತಿಳಿವಳಿಕೆ ಸಾಲದು. ಓಲೆಯ ಗ್ರಂಥವು ಹಾಳಾಗುವ ಮೊದಲು ಪ್ರತಿಮಾಡಿಕೊಳ್ಳಬಹುದು. ಭಿತ್ತಿಯ ಗ್ರಂಥಕ್ಕೆ ಆ ಅನುಕೂಲವಿಲ್ಲ.

ಮಂಗಳೂರಿಗೆ ಹೋಗುವ ವಾಚಕರಿಗೆ ಎರಡು ಸೂಚನೆಗಳು. ಬಿಸಿಲು ಚೆನ್ನಾಗಿರುವ ದಿನ, ಗುಂಪು ಸೇರುವುದಕ್ಕೆ ಮೊದಲು ಹೋಗಿರಿ. ಪ್ರಾರ್ಥನೆ ನಡೆಯುತ್ತಿದ್ದರೆ ಹೊರಗೆ ಕಾದಿರಿ. ಒಳಗೆ ಹೋದ ಮೇಲೆ ಎಲ್ಲವನ್ನೂ ಒಂದೇ ಸಲ ನೋಡಲೆಳಸದೆ ಬೆಂಚಿನ ಮೇಲೆ ಕುಳಿತು ಒಂದು ಮುಖವನ್ನೋ ಒಂದು ಕೈಯನ್ನೋ ಆರಿಸಿಕೊಂಡು ಕಾಲು ಗಂಟೆ ನೋಡಿರಿ. ಅದು ಯಾರೋ ಒಬ್ಬನು ಗಾರೆ ಒಣಗುವುದರೊಳಗೆ ಮಾಡಿ ಮುಗಿಸಿದ ಒಂದು ದಿನದ ಕೆಲಸವೆಂಬುದು ನೆನಪಿರಲಿ. ಆಮೇಲೆ ಯಾವುದಾದರೊಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಸೀಬಿಗೆ ಹೋಗಿ ತಲೆಯೆತ್ತಿ ನೋಡಿರಿ. ನಿಮ್ಮ ಊರಿನ ಗುಡಿಗೆ ಸುಣ್ಣ ಬಳಿಯುವ ಮಾತು ಸಭೆಯಲ್ಲಿ ಬಂದಾಗ, ಗೋಡೆಯ ಮೇಲೆ ಏನಿದೆಯೆಂದು ಮೊದಲು ನೋಡೋಣ ಎಂದು ಹೇಳುವವರು ಒಬ್ಬರಾದರೂ ಇರ್ರಿ.